ಮೇಲಿನ ಸಾಲು, ಕೆಳಗಿನ ಸಾಲು

ಬಿತ್ತನೆಯ ಶೇಂಗಾ ಬೀಜದ ಮೇಲಿನ ಕೆಂಪು ಪೊರೆ ಸಾಸಿವೆಯಷ್ಟೂ ಹರಿಯಬಾರದು. ಹರಿದ ಬೀಜ ಚಟ್ನಿಗೆ ಹೋಗುತ್ತದೆ, ಹೊಲಕ್ಕಲ್ಲ. ಯಂತ್ರಕ್ಕೆ ಹಾಕಿದರೆ ಪೊರೆ ಉಳಿಯುವುದಿಲ್ಲವೆಂದು ನಮ್ಮ ಮನೆಯಲ್ಲಿ ಬಿತ್ತನೆಯ ಕಾಯಿಯನ್ನು ಕೈಯಲ್ಲೇ ಸುಲಿಯುತ್ತಿದ್ದರು. ಅತ್ತೆ ಕಾಯಿಯ ತುದಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒಮ್ಮೆ ಅಮುಕಿದರೆ ಸಾಕು, ಟಪ್ಪೆಂದು ಅದು ಬಾಯಿ ಬಿಡುತ್ತಿತ್ತು. ಬೀಜ ಮೊರಕ್ಕೆ, ಹೊಟ್ಟು ಎಡಕ್ಕೆ. ಮಧ್ಯಾಹ್ನದ ಹೊತ್ತಿಗೆ ಅವಳ ಹೆಬ್ಬೆರಳು ಬಿರಿಯುತ್ತಿತ್ತು. ಆಗ ಹಳೆಯ ರವಿಕೆಯ ಬಟ್ಟೆಯ ಚೂರನ್ನು ಬೆರಳಿಗೆ ಸುತ್ತಿ, ಗಂಟಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ನನ್ನ ಕಡೆ ನೋಡುತ್ತಿದ್ದಳು.

“ಹೂಂ, ನಡೀಲಿ. ಒಂದು ಕಾಯಿಗೆ ಒಂದು ಹೆಸರು.”

ನಾನು ಹೇಳಬೇಕಾಗಿದ್ದುದು ದೇಶದ ರಾಷ್ಟ್ರಪತಿಗಳ ಹೆಸರು. ಅವರು ಮುಗಿದ ಮೇಲೆ ಉಪರಾಷ್ಟ್ರಪತಿಗಳದು. ಹೇಳುತ್ತಾ ಹೇಳುತ್ತಾ ಒಂದು ಬೀಜ ಬಾಯಿಗೆ ಹಾಕಿಕೊಂಡರೆ ಮತ್ತೆ ಮೊದಲಿಂದ ಶುರು ಮಾಡಬೇಕು. ಎಷ್ಟೋ ಮಧ್ಯಾಹ್ನ ನಾನು ಒಂದನೆಯವರಿಂದ ಎರಡನೆಯವರಿಗೆ ದಾಟಲಾಗದೆ ಕುಳಿತದ್ದುಂಟು. ಅತ್ತೆ ಎಂದರೆ ಅಪ್ಪನ ಅಕ್ಕ ತಿಪ್ಪಮ್ಮ. ಏಳನೇ ತರಗತಿಯವರೆಗೆ ಓದಿದವಳು. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ತವರಿಗೆ ಬಂದಿದ್ದಳು. ನಾನು ಹುಟ್ಟುವ ಹೊತ್ತಿಗೆ ಆ ಸಂಗತಿ ಹಳೆಯದಾಗಿತ್ತು. ನನ್ನ ಪಾಲಿಗೆ ಅವಳು ಮನೆಯ ಕಂಬಗಳಷ್ಟೇ ಸಹಜವಾಗಿ ಅಲ್ಲಿದ್ದವಳು. ಶಾಲೆ ಬಿಡುವ ದಿನ ಅವಳ ಮೇಷ್ಟ್ರು ಒಂದು ಚಾರ್ಟು ಕೊಟ್ಟಿದ್ದರಂತೆ. ಅದನ್ನು ಗಂಡನ ಮನೆಗೂ ಒಯ್ದು, ಅಲ್ಲಿಂದ ವಾಪಸೂ ತಂದಿದ್ದಳು. ನಾನು ಕಾಣುವಾಗ ಅದು ಬೀಜದ ಕೋಣೆಯ ಬಾಗಿಲಿನ ಒಳಮೈಗೆ ಅಂಟಿತ್ತು. ಮೇಲಿನ ಸಾಲಿನಲ್ಲಿ ನಾಲ್ವರು ರಾಷ್ಟ್ರಪತಿಗಳು, ಕೆಳಗಿನ ಸಾಲಿನಲ್ಲಿ ನಾಲ್ವರು ಉಪರಾಷ್ಟ್ರಪತಿಗಳು. ಅಲ್ಲಿಗೆ ದೇಶದ ಚರಿತ್ರೆ ನಿಂತಿತ್ತು, ಅತ್ತೆಯ ಓದು ನಿಂತ ಕಡೆಯಲ್ಲೇ.

ನಮ್ಮದು ಮಣ್ಣಿನ ಮಾಳಿಗೆಯ ಮನೆ, ಬಿ.ಜಿ. ಕೆರೆಯಿಂದ ಸ್ವಲ್ಪ ದೂರದ ಸಣ್ಣ ಊರು. ಪಡಸಾಲೆ, ಅದರಾಚೆ ಅಡುಗೆಮನೆ, ಪಕ್ಕದಲ್ಲಿ ಬೀಜದ ಕೋಣೆ. ಬೆಳಕಿಂಡಿಯಿಂದ ಬೀಳುವ ಬಿಸಿಲು ಬೆಳಿಗ್ಗೆ ಒರಳಿನ ಹತ್ತಿರ ಇದ್ದು, ಊಟದ ಹೊತ್ತಿಗೆ ಬೀಜದ ಕೋಣೆಯ ಹೊಸ್ತಿಲಿಗೆ ಬರುತ್ತಿತ್ತು. ಆ ಬೆಳಕಿನಲ್ಲಿ ಚಾರ್ಟು ಚೆನ್ನಾಗಿ ಕಾಣುತ್ತಿತ್ತು. ಓದು ಬಾರದ ಅಜ್ಜಿಗೂ ಅವರೆಲ್ಲ ಪರಿಚಿತರು. ಮೊದಲನೆಯವರು ಮೀಸೆಯೋರು, ಎರಡನೆಯವರು ಮುಂಡಾಸದೋರು, ಮೂರನೆಯವರು ಗಡ್ಡದೋರು, ನಾಲ್ಕನೆಯವರು ಕನ್ನಡಕದೋರು. ಮುಂಡಾಸದವರಿಗೂ ಕನ್ನಡಕವಿದೆಯಲ್ಲ ಎಂದು ನಾನು ತಕರಾರು ತೆಗೆದರೆ ಅಜ್ಜಿ, “ಅಮ್ಮಾಯಿ, ಮುಂಡಾಸ ಇರೋರಿಗೆ ಕನ್ನಡಕ ಲೆಕ್ಕಕ್ಕಿಲ್ಲ” ಎನ್ನುತ್ತಿದ್ದಳು. ಅವಳ ತವರು ಗಡಿಯಾಚೆ; ಪ್ರೀತಿ ಬಂದಾಗ, ಸಿಟ್ಟು ಬಂದಾಗ ಬಾಯಲ್ಲಿ ತೆಲುಗು ಬರುತ್ತಿತ್ತು.

ಚಾರ್ಟಿನ ಮೇಲೆ ಅತ್ತೆ ತಾನು ಹುಡುಗಿಯಾಗಿದ್ದಾಗಲೇ ನೀಲಿ ಶಾಯಿಯಲ್ಲಿ ಗೆರೆ ಎಳೆದಿದ್ದಳು. ಕೆಳಗಿನ ಸಾಲಿನ ಒಂದನೆಯವರಿಂದ ಮೇಲಿನ ಸಾಲಿನ ಎರಡನೆಯವರಿಗೆ ಒಂದು ಬಾಣ, ಏಕೆಂದರೆ ಇಬ್ಬರೂ ಒಬ್ಬರೇ. ಕೆಳಗಿನ ಎರಡನೆಯವರಿಂದ ಮೇಲಿನ ಮೂರನೆಯವರಿಗೆ, ಕೆಳಗಿನ ಮೂರನೆಯವರಿಂದ ಮೇಲಿನ ನಾಲ್ಕನೆಯವರಿಗೆ. ಮೂರು ಸಲವೂ ಉಪರಾಷ್ಟ್ರಪತಿಯೇ ಮುಂದಿನ ರಾಷ್ಟ್ರಪತಿ. ಕೆಳಗಿನ ನಾಲ್ಕನೆಯವರಿಂದ ಹೊರಟ ಬಾಣ ಮಾತ್ರ ಚಾರ್ಟಿನ ಅಂಚನ್ನು ದಾಟಿ ಬಾಗಿಲಿನ ಹಲಗೆಯ ಮೇಲೆ ಮುಗಿಯುತ್ತಿತ್ತು. ಅಲ್ಲಿ ಯಾರ ಚಿತ್ರವೂ ಇರಲಿಲ್ಲ. ಅತ್ತೆಗೆ ಅದರಿಂದ ಏನೂ ತೊಂದರೆಯಿರಲಿಲ್ಲ.

“ಕೆಳಗೆ ಕುಂತು ಕೆಲಸ ಕಲ್ತೋರೇ ಮ್ಯಾಲೆ ಹೋಗೋದು. ಇನ್ಯಾರ್ ಹೋಗ್ತಾರೆ?” ಎನ್ನುತ್ತಿದ್ದಳು.

ಅಜ್ಜಿ ಇದನ್ನು ಮನೆಗೂ ತಂದಳು. ಪಡಸಾಲೆಯಲ್ಲಿ ಸುಲಿಯುತ್ತ ಕುಳಿತ ಒಂದು ದಿನ ಹೇಳಿದಳು:

“ಹಂಗಾದ್ರೆ ಈ ಮನೆಗೆ ನಾನು ರಾಷ್ಟ್ರಪತಿ. ತಿಪ್ಪಿ ಉಪ.”

ಅವ್ವ ಒಲೆಯ ಮುಂದಿನಿಂದಲೇ ಕೇಳಿದಳು:

“ಮತ್ತೆ ನಾನೇನು ಅತ್ತೆಮ್ಮ? ಓಟು ಹಾಕೋಳಾ?”

“ನೀನು ಪ್ರಜೆ ಕಣೆ ಗೌರಿ. ಪ್ರಜೆಗಳೇ ದೊಡ್ಡೋರು ಅಂತಾರಪ್ಪ,” ಎಂದು ಅಪ್ಪ ನಕ್ಕ.

“ದೊಡ್ಡೋರೇ. ಅದ್ಕೇ ದೊಡ್ಡ ಪಾತ್ರೆ ಎಲ್ಲಾ ನಾನೇ ತಿಕ್ಕೋದು.”

ಎಲ್ಲರೂ ನಕ್ಕರು, ಅವ್ವನೂ ನಕ್ಕಳು. ಆ ನಗುವಿನಲ್ಲಿ ಏನಿತ್ತೆಂದು ಹನ್ನೊಂದು ವರ್ಷದ ನನಗೆ ತಿಳಿಯುತ್ತಿರಲಿಲ್ಲ. ಈಗ ತಿಳಿಯುತ್ತದೆ. ಅವ್ವ ಆ ಮನೆಗೆ ಬಂದು ಹದಿಮೂರು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಇವತ್ತು ಹುರುಳಿ ಸಾರೋ ಅಲಸಂದೆಯೋ ಎಂದು ಒಂದು ದಿನವೂ ಅವಳು ತೀರ್ಮಾನಿಸಿರಲಿಲ್ಲ. ಬೆಳಿಗ್ಗೆ ಎದ್ದು ಅಜ್ಜಿಯನ್ನು ಕೇಳುತ್ತಿದ್ದಳು. ಅಜ್ಜಿ ಇಲ್ಲದಿದ್ದರೆ ಅತ್ತೆಯನ್ನು. ಮುದ್ದೆ ಕಟ್ಟುವುದು ಅವ್ವ, ಸಾರಿಗೆ ಉಪ್ಪು ಹಾಕುವುದು ಅತ್ತೆ. ನನ್ನ ಜಡೆಗೆ ಯಾವ ಬಣ್ಣದ ಟೇಪು ಎಂಬುದನ್ನೂ ಅತ್ತೆಯೇ ಹೇಳುತ್ತಿದ್ದಳು, ನಾನು ಅತ್ತೆಯ ಮಾತನ್ನೇ ಕೇಳುತ್ತಿದ್ದೆ.

ಇದೆಲ್ಲ ಯಾರ ಕೈಯಲ್ಲಿರುತ್ತದೆ ಎಂಬುದು ವರ್ಷಕ್ಕೊಮ್ಮೆ ಎಲ್ಲರೆದುರು ಗೊತ್ತಾಗುತ್ತಿತ್ತು. ಬಿತ್ತನೆಯ ದಿನ ಕೂರಿಗೆಯ ಹಿಂದೆ ಬೀಜ ಬಿಡುವ ಹೆಂಗಸರು ಉಡಿಯೊಡ್ಡಿ ನಿಲ್ಲುತ್ತಾರೆ. ಮೊದಲ ಮೊರದ ಬೀಜವನ್ನು ಅವರ ಉಡಿಗೆ ಸುರಿಯುವವಳು ಆ ಮನೆಯ ಯಜಮಾನಿತಿ. ಆಮೇಲಿನ ಮೊರಗಳನ್ನು ಯಾರು ತಂದರೂ ನಡೆಯುತ್ತದೆ. ಆದರೆ ಮೊದಲ ಮೊರ ಸುರಿದ ಕೈಗೆ ವರ್ಷವಿಡೀ ಮನೆ. ಯಾರಿಗೆ ಏನು ಬಡಿಸಬೇಕು, ಹಬ್ಬಕ್ಕೆ ಯಾರನ್ನು ಕರೆಯಬೇಕು, ಮುಂದಿನ ವರ್ಷಕ್ಕೆ ಎಷ್ಟು ಬೀಜ ತೆಗೆದಿಡಬೇಕು, ಎಲ್ಲ ಅವಳ ಮಾತು. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನಾನು ಕಂಡಷ್ಟು ಕಾಲ ಅದು ಅಜ್ಜಿಯ ಕೈ. ಆ ಬೇಸಿಗೆಯಲ್ಲಿ ಅಜ್ಜಿ ಮಂಚ ಹಿಡಿದಳು. ಕಾಲು ಊದಿಕೊಂಡು, ಹತ್ತು ಹೆಜ್ಜೆಗೆ ಏದುಸಿರು. ಅಡುಗೆ, ಆಳುಕಾಳು, ಬೀಜ, ಔಷಧಿ ಎಲ್ಲವನ್ನೂ ಅತ್ತೆ ನೋಡಿಕೊಂಡಳು. ಅವಳು ಹೀಗೆ ನೋಡಿಕೊಳ್ಳುತ್ತಿದ್ದಷ್ಟೂ ಕಾಲ, ಮುಂದೆ ಮೊರ ಅವಳ ಕೈಗೆ ಬರುತ್ತದೆಂದು ನಾನೂ ನಂಬಿದ್ದೆ. ಚಾರ್ಟಿನಲ್ಲಿ ಹಾಗೇ ಇತ್ತಲ್ಲ. ಬಾರದಿದ್ದರೆ ಅವಳು ಆ ಮನೆಯಲ್ಲಿ ತಮ್ಮನ ಹೆಂಡತಿಯ ಕೈ ಕಾಯುವ ನೆಂಟಳು, ಅಷ್ಟೇ. ಆದರೆ ಅದನ್ನು ನಾನಾಗ ಯೋಚಿಸಿರಲಿಲ್ಲ.

ಆ ವರ್ಷ ಮಳೆ ತಡವಾಯಿತು. ಶಾಲೆ ಶುರುವಾಗಿ ತಿಂಗಳಾದರೂ ಬೀಜ ಚೀಲದಲ್ಲೇ ಇತ್ತು. ಅಷ್ಟರಲ್ಲಿ ಚಳ್ಳಕೆರೆಯಲ್ಲಿ ಸುತ್ತಲಿನ ಶಾಲೆಗಳಿಗೆಲ್ಲ ಒಂದು ರಸಪ್ರಶ್ನೆ ಸ್ಪರ್ಧೆ ಎಂದು ಗೊತ್ತಾಯಿತು. ನಮ್ಮ ಮೇಷ್ಟ್ರು ಮೂವರನ್ನು ಆರಿಸಿ ವಿಷಯ ಹಂಚಿದರು. ನನಗೆ ಸ್ವಾತಂತ್ರ್ಯಾನಂತರದ ಮೊದಮೊದಲ ರಾಷ್ಟ್ರಪತಿಗಳು, ಉಪರಾಷ್ಟ್ರಪತಿಗಳು. ಇಷ್ಟು ಸಲೀಸಾದ ವಿಷಯ ನನಗೆ ಸಿಕ್ಕಿತಲ್ಲ ಎಂದು ಮನೆಗೆ ಓಡಿಬಂದೆ. ಸ್ಪರ್ಧೆಗೆ ಎರಡು ದಿನ ಇದೆ ಎನ್ನುವಾಗ ಮೇಷ್ಟ್ರು ಮೊಳಕಾಲ್ಮುರಿನಿಂದ ಒಂದು ಪುಸ್ತಕ ತಂದುಕೊಟ್ಟರು. ಅದರಲ್ಲಿ ಐದನೆಯ ರಾಷ್ಟ್ರಪತಿಯ ಹೆಸರು ಬೇರೆಯೇ ಇತ್ತು. ಅತ್ತೆಯ ಬಾಣ ಹೇಳುತ್ತಿದ್ದ ಹೆಸರಲ್ಲ. ಪುಸ್ತಕ ತೆಗೆದುಕೊಂಡು ಅತ್ತೆಯ ಹತ್ತಿರ ಹೋದೆ. ಅವಳು ಅಜ್ಜಿಯ ಕಾಲಿಗೆ ಬಿಸಿನೀರು ಹಾಕುತ್ತಿದ್ದಳು. ಕೈ ಒರೆಸಿಕೊಂಡು ಪುಟವನ್ನು ಬಹಳ ಹೊತ್ತು ನೋಡಿದಳು.

“ತಪ್ಪು ಅಚ್ಚಾಗೈತೆ,” ಎಂದಳು.

“ಪುಸ್ತಕದಾಗೆ ತಪ್ಪಿರ್ತೈತಾ ಅತ್ತೆ?”

“ಯಾಕಿರಲ್ಲ? ಅಚ್ಚು ಹಾಕೋರು ಮನುಷ್ಯರಲ್ವಾ? ಉಪ ಇದ್ದೋರ್ನ ಬಿಟ್ಟು ಹೊರಗಿಂದ ಯಾರ್ನೋ ಕರ್ಕಂಬಂದು ಕುಂಡ್ರಿಸ್ತಾರಾ? ನೀ ನಾ ಹೇಳಿದ್ದು ಹೇಳು.”

ನಾನು ಅತ್ತೆ ಹೇಳಿದ್ದನ್ನು ಹೇಳಿದೆ. ಚಳ್ಳಕೆರೆಯ ಒಂದು ಶಾಲೆಯ ಸಭಾಂಗಣ. ಕಿಟಕಿಯಿಂದ ಎಣ್ಣೆ ಮಿಲ್ಲುಗಳ ಹುರಿದ ವಾಸನೆ ಬರುತ್ತಿತ್ತು. ಮೊದಲ ಮೂರು ಪ್ರಶ್ನೆಗೆ ನಮ್ಮ ತಂಡ ಸರಿ ಉತ್ತರ ಕೊಟ್ಟಿತ್ತು. ನಾಲ್ಕನೆಯದು ನನ್ನದು: ಐದನೆಯ ರಾಷ್ಟ್ರಪತಿ ಯಾರು? ಪಕ್ಕದಲ್ಲಿದ್ದ ಹುಡುಗಿ ಪುಸ್ತಕ ಓದಿದ್ದಳೇನೋ, ನನ್ನ ಮೊಣಕೈ ತಿವಿದು ಏನೋ ಪಿಸುಗುಟ್ಟಿದಳು. ಅವಳ ಮಾತು ಕೇಳದೆ ಎದ್ದು ನಿಂತು, ಕೆಳಗಿನ ಸಾಲಿನ ನಾಲ್ಕನೆಯವರ ಹೆಸರನ್ನು ಜೋರಾಗಿ, ಒಂದಕ್ಷರವೂ ತೊಡರದೆ ಹೇಳಿದೆ. ಪ್ರಶ್ನೆ ಕೇಳುತ್ತಿದ್ದವರು ಕನ್ನಡಕ ಕೆಳಗಿಳಿಸಿ ನೋಡಿದರು.

“ಅವರು ಉಪರಾಷ್ಟ್ರಪತಿ ಆಗಿದ್ರಮ್ಮ. ರಾಷ್ಟ್ರಪತಿ ಯಾವತ್ತೂ ಆಗ್ಲಿಲ್ಲ. ಕೂತ್ಕೋ.”

ಸಭಾಂಗಣದಲ್ಲಿ ಯಾರೂ ದೊಡ್ಡದಾಗಿ ನಗಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಸಣ್ಣಗೆ ಕಿಸಕ್ಕೆಂದರು, ಅಷ್ಟೇ. ಆ ಒಂದು ಅಂಕದಲ್ಲಿ ನಾವು ಸೋತೆವು. ಬಸ್ಸಿನಲ್ಲಿ ಬರುವಾಗ ಮೇಷ್ಟ್ರು ಬೈಯಲಿಲ್ಲ. “ಪುಸ್ತಕ ಕೊಟ್ಟಿದ್ನಲ್ಲಮ್ಮ ನಿಂಗೆ” ಎಂದರು, ಒಂದೇ ಸಲ. ನಾನು ಕಿಟಕಿಯ ಕಡೆ ತಿರುಗಿ ಕುಳಿತೆ. ಅತ್ತೆಯ ಮೇಲೆ ನನಗೆ ಬಂದಂಥ ಸಿಟ್ಟು ಅಲ್ಲಿಯವರೆಗೆ ಯಾರ ಮೇಲೂ ಬಂದಿರಲಿಲ್ಲ. ಅವಳು ತಪ್ಪು ಕಲಿಸಿದ್ದಳು ಎಂಬುದಕ್ಕಿಂತ, ಸರಿಯಾದದ್ದು ಕಣ್ಣೆದುರಿಗೇ ಇದ್ದಾಗ ಅದನ್ನು ಮುಚ್ಚಿಸಿದ್ದಳು ಎಂಬುದು ನನ್ನನ್ನು ಸುಡುತ್ತಿತ್ತು.

ಮನೆಗೆ ಬಂದಾಗ ಸಂಜೆ ಇನ್ನೂ ಬಿಸಿಲಿತ್ತು. ಅಪ್ಪ ಚಳ್ಳಕೆರೆಯ ಮಾರುಕಟ್ಟೆಗೆ ಹೋದವನು ಬಂದಿರಲಿಲ್ಲ, ಅವ್ವ ನೀರಿಗೆ ಹೋಗಿದ್ದಳು, ಅತ್ತೆ ಹೊಲದ ಕಡೆ. ಅಜ್ಜಿ ಪಡಸಾಲೆಯ ಮಂಚದ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ನನ್ನ ಮುಖ ನೋಡಿದವಳೇ ಗೆದ್ದೆಯಾ ಸೋತೆಯಾ ಎಂದು ಕೇಳಲಿಲ್ಲ. ಹತ್ತಿರ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳುತ್ತ ಹೇಳಿದಳು:

“ಅಮ್ಮಾಯಿ, ನಿಮ್ಮಪ್ಪ ಬಂದ ಮ್ಯಾಲೆ ಹೇಳು. ಮಳೆ ಬಂದ್ ಕೂಡ್ಲೆ ಬಿತ್ತೋದೇ, ನನ್ನ ಕಾಯೋದು ಬ್ಯಾಡ. ಮೊದಲ ಮೊರ ತಿಪ್ಪಿ ಕೈಲಿ ಕೊಡಿಸ್ಲಿ. ನಾ ಹೇಳೀನಿ ಅಂತ ಹೇಳು. ನನಗೆ ಆಮ್ಯಾಕೆ ನೆಪ್ಪಿರ್ತೈತೋ ಇಲ್ವೋ.”

“ಹೂಂ” ಎಂದೆ.

ಅಪ್ಪ ದೀಪ ಹಚ್ಚುವ ಹೊತ್ತಿಗೆ ಬಂದ. ನಾನು ಹೇಳಲಿಲ್ಲ. ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ಊಟಕ್ಕೆ ಕುಳಿತಾಗ ಮಾತು ನಾಲಗೆಯ ತುದಿಯಲ್ಲೇ ಇತ್ತು. ಎದುರಿಗೆ ಅತ್ತೆ ಸಾರು ಬಡಿಸುತ್ತ, “ಏನಾತೇ ಸುಮಿ, ಬಹುಮಾನ ತೋರ್ಸೇ” ಎಂದು ಕೇಳಿದಳು. ನಾನು “ನೀ ಹೇಳಿದ್ದು ತಪ್ಪು” ಎಂದೆ, ಎಲ್ಲರೆದುರು. ಅವ್ವ ತಲೆ ಎತ್ತಿ ಅತ್ತೆಯನ್ನು ನೋಡಿದಳು. ಅತ್ತೆಯ ಸೌಟು ಒಂದು ಗಳಿಗೆ ನಿಂತಿತು, ಮತ್ತೆ ಬಡಿಸಿದಳು. ಅಷ್ಟು ಸಾಕಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಸಾಕಾಗಲಿಲ್ಲ. ನಾಳೆ ಹೇಳಿದರಾಯಿತು, ಅಲ್ಲಿಯವರೆಗೆ ಅತ್ತೆ ಇರಲಿ ಹೀಗೇ, ಎಂದುಕೊಂಡೆ. ಬೆಳಗಾಗುವಷ್ಟರಲ್ಲಿ ಅಜ್ಜಿಯ ಮಾತು ತೊದಲುತ್ತಿತ್ತು. ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದರು. ಐದು ದಿನ ಇದ್ದಳು. ಮತ್ತೆ ಅವಳ ಬಾಯಿಂದ ಯಾರಿಗೂ ಅರ್ಥವಾಗುವ ಒಂದು ಮಾತು ಬರಲಿಲ್ಲ.

ತಿಥಿ ಮುಗಿದ ಮೂರನೆಯ ದಿನ ಮಳೆ ಬಂತು. ಮಾರನೆಯ ದಿನ ಹಸಿ ಆರುವ ಮೊದಲೇ ಬಿತ್ತಬೇಕು. ಹೆಂಗಸರು ಬಂದು ಅಂಗಳದಲ್ಲಿ ನಿಂತರು. ಬೀಜದ ಚೀಲ ಬಿಚ್ಚಿ ಮೊರ ತುಂಬಿ ಪಡಸಾಲೆಯ ಅಂಚಿನಲ್ಲಿಟ್ಟಿದ್ದರು. ಅವ್ವ ಹೊಸ ರವಿಕೆ ತೊಟ್ಟಿದ್ದಳು. ಅತ್ತೆ ಕಂಬದ ಪಕ್ಕ ನಿಂತಿದ್ದಳು. ಇಬ್ಬರೂ ಮೊರವನ್ನು ಮುಟ್ಟಲಿಲ್ಲ. ಅಪ್ಪ ಇಬ್ಬರ ಮುಖವನ್ನೂ ನೋಡಲಾಗದೆ ಎತ್ತಿನ ಹಗ್ಗ ಸರಿಮಾಡುವವನಂತೆ ಅಂಗಳದಲ್ಲೇ ಸುತ್ತಾಡಿದ. ಅಪ್ಪ ಕೆಟ್ಟವನಲ್ಲ. ಯಾರಾದರೂ ಹೇಳಿದರೆ ಮಾಡುವವನು; ಹೇಳುವವಳು ಹೋಗಿದ್ದಳು. ಕೊನೆಗೆ ನನ್ನ ಕಡೆ ತಿರುಗಿದ.

“ಸುಮಿ, ಅಜ್ಜಿ ಕೊನೇಗೆ ನಿನ್ ತಾವೇ ಕುಂತು ಮಾತಾಡಿದ್ದು. ಮೊರದ ವಿಚಾರ ಏನಾರ ಹೇಳಿದ್ಲಾ?”

ಅವ್ವ ನನ್ನನ್ನು ನೋಡಿದಳು. ಅತ್ತೆಯೂ ನೋಡಿದಳು. ಸ್ಪರ್ಧೆಯ ಸಿಟ್ಟು ಅಷ್ಟರಲ್ಲಿ ನನ್ನಲ್ಲಿ ಉಳಿದಿರಲಿಲ್ಲ. ಆದರೆ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ಅಂಗಳದ ತುಂಬ ಜನ. ಚಳ್ಳಕೆರೆಯಲ್ಲಿ ಎದ್ದು ನಿಂತಂತೆ ಮತ್ತೊಮ್ಮೆ ಎಲ್ಲರೆದುರು ನಿಲ್ಲಬೇಕು. ಅಷ್ಟೇ ಕಾರಣ. ಅದಕ್ಕಿಂತ ದೊಡ್ಡ ಕಾರಣವನ್ನು ನಾನು ವರ್ಷಗಟ್ಟಲೆ ಹುಡುಕಿದ್ದೇನೆ, ಸಿಕ್ಕಿಲ್ಲ.

“ಇಲ್ಲ” ಎಂದೆ.

“ಹಂಗಾದ್ರೆ ಮನೆ ಸೊಸೆ ಕೊಡ್ಲಿ ಬಿಡು,” ಎಂದು ಅಂಗಳದಲ್ಲಿದ್ದ ಹಿರಿಯ ಹೆಂಗಸೊಬ್ಬಳು ಹೇಳಿದಳು. ಅವ್ವ ಮೊರ ಎತ್ತಿದಳು. ಎತ್ತುವಾಗ ಬೀಜ ಒಂದೆರಡು ನೆಲಕ್ಕೆ ಬಿದ್ದವು. ಅತ್ತೆ ಬಗ್ಗಿ ಅವನ್ನು ಆರಿಸಿ ಮೊರಕ್ಕೆ ಹಾಕಿದಳು.

ಅತ್ತೆ ಮತ್ತೆ ಒಂದು ತಿಂಗಳು ನಮ್ಮ ಜೊತೆಗಿದ್ದಳು. ದೊಡ್ಡ ಜಗಳವೇನೂ ಆಗಲಿಲ್ಲ. ಒಂದು ಬೆಳಿಗ್ಗೆ ಅಭ್ಯಾಸದಂತೆ ಸಾರಿಗೆ ಉಪ್ಪು ಹಾಕಲು ಹೋದಾಗ ಅವ್ವ ಮಡಕೆಯನ್ನು ತನ್ನ ಕಡೆ ಎಳೆದುಕೊಂಡಳು.

“ಹಾಕೀನಿ ಅಕ್ಕಾ.”

“ಯಾವಾಗ ಹಾಕ್ದೆ? ರುಚಿ ನೋಡಿದ್ಯಾ?”

“ಅದನ್ನೂ ನಿಮ್ಮನ್ನ ಕೇಳ್ಬೇಕಾ?”

“ಈ ಮನೆಯಾಗೆ ನಾ ಒಂದ್ ಚಿಟಿಕೆ ಉಪ್ಪು ಹಾಕಕೂ ಕೇಳ್ಬೇಕೇನೇ ಗೌರಿ?”

“ಕೇಳ್ಬೇಕಕ್ಕಾ,” ಎಂದಳು ಅವ್ವ. ಧ್ವನಿ ಏರಿಸಲಿಲ್ಲ. “ನಾನು ಹದಿಮೂರು ವರ್ಷ ಕೇಳೀನಿ.”

ಅವ್ವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆ ವಾರವೇ ಅತ್ತೆ ಟ್ರಂಕು ತೆಗೆದುಕೊಂಡು ಮೊಳಕಾಲ್ಮುರಿಗೆ ಹೋದಳು. ಅವಳ ಜೊತೆ ಓದಿದವಳೊಬ್ಬಳ ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗಗಳಿದ್ದವು. ಮಗ್ಗಕ್ಕೆ ನೂಲು ಸುತ್ತಿಕೊಡುವ ಕೆಲಸ. ಅಪ್ಪ ಬಸ್ ಸ್ಟ್ಯಾಂಡಿನವರೆಗೆ ಟ್ರಂಕು ಹೊತ್ತುಕೊಂಡು ಹೋದ. “ಹಬ್ಬಕ್ಕೆ ಬಾ ಅಕ್ಕ” ಎಂದನಂತೆ. ಬಂದಳು ಕೂಡ, ಎರಡು ಹಬ್ಬಕ್ಕೆ. ಪಡಸಾಲೆಯಲ್ಲಿ ಕುಳಿತು, ಬಡಿಸಿದ್ದನ್ನು ಉಂಡು, ಸಂಜೆಯ ಬಸ್ಸಿಗೆ ಹೋದಳು. ಎರಡು ಸಲವೂ ನೀರನ್ನು ಕೇಳಿ ಕುಡಿದಳು.

ವಿಶ್ವವಿದ್ಯಾಲಯದಲ್ಲಿ ನಾನು ರಾಜ್ಯಶಾಸ್ತ್ರ ಓದಿದೆ. ಅತ್ತೆಯ ಚಾರ್ಟಿನಲ್ಲಿ ಇಲ್ಲದ್ದೆಲ್ಲ ಅಲ್ಲಿ ತಿಳಿಯಿತು. ಮೂರನೆಯ ರಾಷ್ಟ್ರಪತಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಉಪರಾಷ್ಟ್ರಪತಿ ಅವರ ಜಾಗದಲ್ಲಿ ನಿಂತರು. ಆದರೆ ಆ ಜಾಗ ತಾನಾಗಿ ಅವರದಾಗಲಿಲ್ಲ. ರಾಜೀನಾಮೆ ಕೊಟ್ಟು, ಚುನಾವಣೆಗೆ ನಿಂತು, ಗೆದ್ದು ಬರಬೇಕಾಯಿತು. ನಡುವಿನ ಕೆಲವು ವಾರ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳು ಆ ಹೊಣೆ ಹೊತ್ತರು. ಹಾಗೆ ಹಂಗಾಮಿಯಾಗಿ ಹೊತ್ತವರಿಗೆ ಸಾಲಿನಲ್ಲಿ ಸಂಖ್ಯೆಯಿಲ್ಲ. ಅತ್ತೆ ನೀಲಿ ಶಾಯಿಯಲ್ಲಿ ಎಳೆದ ಮೂರು ಬಾಣಗಳು ನಿಜ. ಆದರೆ ಅವು ನಿಯಮವಲ್ಲ, ಹಾಗೆ ಆಗಿದ್ದವು, ಅಷ್ಟೇ. ಐದನೆಯ ರಾಷ್ಟ್ರಪತಿಯೂ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಆಗ ಉಪರಾಷ್ಟ್ರಪತಿಯಾಗಿದ್ದವರು ನಮ್ಮ ನಾಡಿನವರೇ. ತಿಂಗಳುಗಟ್ಟಲೆ ದೇಶದ ಮೊದಲ ಕುರ್ಚಿಯ ಕೆಲಸ ಮಾಡಿದರು. ಆಮೇಲೆ ಬೇರೆಯವರು ಆಯ್ಕೆಯಾಗಿ ಬಂದರು, ಇವರು ಮೊದಲಿನ ಹುದ್ದೆಗೆ ಮರಳಿದರು. ಇದನ್ನು ಓದಿದ ದಿನ ಗ್ರಂಥಾಲಯದಲ್ಲಿ ಪುಸ್ತಕ ಮುಚ್ಚಿಟ್ಟು ಎದ್ದೆ. ಅತ್ತೆಗೆ ಹೋಗಿ ಹೇಳಬೇಕು ಅನ್ನಿಸಿತು. ಹೋಗಲಿಲ್ಲ.

ಈಗ ಚಳ್ಳಕೆರೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಕಳೆದ ಜೂನಿನಲ್ಲಿ ಇದೇ ಪಾಠ ಮಾಡುತ್ತಿದ್ದೆ. ಮೊದಲ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಮೇಡಂ, ಮೊದಲಿನ ಮೂವರು ಉಪರಾಷ್ಟ್ರಪತಿಗಳೂ ರಾಷ್ಟ್ರಪತಿ ಆದ್ರಲ್ಲ. ನಾಲ್ಕನೆಯವರಿಗೆ ಬೇಜಾರಾಗಿರಲ್ವಾ?” ತರಗತಿ ನಕ್ಕಿತು. ಪಠ್ಯದಲ್ಲಿ ಅದಿಲ್ಲ ಎಂದು ಹೇಳಿ ಮುಂದಕ್ಕೆ ಹೋದೆ. ಆ ಶನಿವಾರ ತರಗತಿ ಮುಗಿಸಿ ಊರಿನ ಬಸ್ಸು ಬಿಟ್ಟು ಮೊಳಕಾಲ್ಮುರಿನ ಬಸ್ಸು ಹತ್ತಿದೆ.

ಅತ್ತೆಯದು ಮಗ್ಗದ ಮನೆಗಳ ಓಣಿಯಲ್ಲಿ ಒಂದೇ ಕೋಣೆಯ ಮನೆ. ಬಾಗಿಲ ಬೆಳಕಿಗೆ ರಾಟೆ ಹಾಕಿಕೊಂಡು ನೂಲು ಸುತ್ತುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ, ಕೈ ಚುರುಕಾಗಿಯೇ ಇದೆ. “ಮೇಡಮ್ಮೋರು ಬಂದ್ರು, ಕುರ್ಚಿ ಇಲ್ಲ, ನೆಲದ ಮ್ಯಾಲೆ ಕುಂತ್ಕೋ” ಎಂದಳು. ಮಂಡಕ್ಕಿ ಕಲಸಿಕೊಟ್ಟಳು. ಏನು ಪಾಠ ಮಾಡುತ್ತೀಯೆಂದು ಕೇಳಿದಳು. ಹೇಳಿದೆ. ಐದನೆಯವರದು, ನಮ್ಮ ನಾಡಿನ ಉಪರಾಷ್ಟ್ರಪತಿಯದು, ಅವರು ಕೆಲಸ ಮಾಡಿದ ತಿಂಗಳುಗಳದು, ಎಲ್ಲ ಹೇಳಿದೆ. ರಾಟೆ ನಿಲ್ಲಿಸದೆ ಕೇಳಿಸಿಕೊಂಡಳು.

“ಆಮ್ಯಾಲೆ ಏನ್ ಮಾಡಿದ್ರು ಅವರು?”

“ತಮ್ಮ ಜಾಗಕ್ಕೆ ವಾಪಸ್ ಹೋದ್ರು ಅತ್ತೆ. ಅವಧಿ ಮುಗಿಯೋವರ್ಗೂ ಉಪರಾಷ್ಟ್ರಪತಿಯಾಗೇ ಇದ್ರು.”

“ಒಳ್ಳೇದಾತು ಬಿಡು,” ಎಂದಳು. “ಅವರಿಗೆ ವಾಪಸ್ ಹೋಗಾಕೆ ಒಂದು ಜಾಗ ಇತ್ತು.”

ಆಗ ಹೇಳಿದೆ. ಅಜ್ಜಿ ಮಂಚದ ಮೇಲೆ ಹೇಳಿದ್ದು, ನಾನು ಊಟದ ಹೊತ್ತಿನಲ್ಲಿ ನುಂಗಿದ್ದು, ಅಂಗಳದಲ್ಲಿ ಇಲ್ಲವೆಂದದ್ದು. ಹೇಳುವಾಗ ಅವಳ ಮುಖ ನೋಡಲಿಲ್ಲ. ನೂಲಿನ ಬಣ್ಣ ನೋಡುತ್ತಿದ್ದೆ, ಹಸಿರು. ರಾಟೆ ನಿಂತಿತು.

“ನಂಗೊತ್ತು,” ಎಂದಳು ಅತ್ತೆ.

ನಾನು ತಲೆಯೆತ್ತಿದೆ.

“ಅವತ್ತು ನಾ ಹೊಲದಿಂದ ಬಂದಾಗ ನಿಮ್ಮಜ್ಜಿ ನಂಗೂ ಹೇಳಿದ್ಲು. ಅಮ್ಮಾಯಿ ತಾವ ಹೇಳೀನಿ, ಅವರಪ್ಪಂಗೆ ಹೇಳ್ತಾಳ ಅಂತ. ಬಿತ್ತೋ ದಿನ ನಿಮ್ಮಪ್ಪ ನಿನ್ನ ಕೇಳಿದಾಗ, ಈಗ ಹೇಳ್ತಾಳೆ ಅಂತ ಕಾದೆ.”

“ನೀನೇ ಹೇಳ್ಬಹುದಿತ್ತಲ್ಲ ಅತ್ತೆ. ನಾನು ಸುಳ್ಳು ಹೇಳ್ತಿದೀನಿ ಅಂತ.”

“ಹೆಂಗ್ ಹೇಳ್ಲಿ? ನಂಗೆ ಕೊಡ್ರಿ ಅಂತ ನಾನೇ ಕೇಳ್ಕೊಂಡ್ರೆ ಅದು ಕೊಟ್ಟಂಗಾಗ್ತೈತಾ? ಇಲ್ದಿದ್ರೆ ಹನ್ನೊಂದು ವರ್ಷದ ಮಗೀನ ಅಷ್ಟು ಜನದ ಮುಂದೆ ಸುಳ್ಳಿ ಮಾಡ್ಬೇಕಿತ್ತು.” ಕಡಿದ ಎಳೆಯನ್ನು ಹುಡುಕಿ, ಎರಡು ಬೆರಳಲ್ಲಿ ಹೊಸೆದು ಸೇರಿಸಿದಳು. “ಚಳ್ಳಕೆರೆಯಾಗೆ ಒಂದ್ ಸಲ ಮಾಡಿದ್ದೆ. ಸಾಕಾಗಿತ್ತು.”

ಇಷ್ಟು ವರ್ಷ ನನ್ನ ತಪ್ಪು ನನಗೊಬ್ಬಳಿಗೇ ಗೊತ್ತೆಂದು ತಿಳಿದಿದ್ದೆ. ಅದನ್ನು ಯಾರಿಗೂ ಕಾಣದಂತೆ ಇಟ್ಟುಕೊಂಡಿರುವುದೇ ಒಂದು ಶಿಕ್ಷೆಯೆಂದು, ಆ ಶಿಕ್ಷೆಯನ್ನು ನಾನು ಅನುಭವಿಸುತ್ತಿದ್ದೇನೆಂದು ಕೂಡ. ಅತ್ತೆ ಎಲ್ಲ ಗೊತ್ತಿದ್ದೂ ಎರಡು ಹಬ್ಬಕ್ಕೆ ಬಂದು, ನನ್ನ ಜಡೆ ಹೆಣೆದು, ಸಂಜೆಯ ಬಸ್ಸಿಗೆ ಹೋಗಿದ್ದಳು. ಅಪ್ಪನಿಗೆ ಹೇಳುತ್ತೇನೆ ಎಂದೆ.

“ಬ್ಯಾಡ. ಈಗ ಹೇಳಿ ಯಾರಿಗೇನು? ನಿಮ್ಮಪ್ಪ ನಿದ್ದೆಗೆಡ್ತಾನೆ. ಗೌರಿ ಚೆನ್ನಾಗ್ ಮನೆ ನಡೆಸ್ಯಾಳೆ, ಅದ್ರಾಗೇನು ತಪ್ಪಿಲ್ಲ. ನಂಗೂ ಇಲ್ಲಿ ಅಭ್ಯಾಸ ಆಗೈತೆ,” ಎಂದಳು. ಆಮೇಲೆ ನನ್ನ ಕಡೆ ನೋಡದೆ, “ನನಗೋಸ್ಕರ ಅಂತ ಹೇಳೋಕೋಗ್ಬೇಡ. ನಂಗದು ಬೇಕಿಲ್ಲ” ಎಂದಳು. ಕೊನೆಯ ಮಾತನ್ನು ಅವಳು ಬಿಡಿಸಿ ಬಿಡಿಸಿ ಹೇಳಿದಳು.

ಆ ರಾತ್ರಿ ಅಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಊರಿಗೆ ಹೊರಟೆ. ಮನೆ ತಲುಪಿದಾಗ ಅಪ್ಪ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದ, ಅವ್ವ ಒಲೆ ಹಚ್ಚುತ್ತಿದ್ದಳು. ಫೋನೂ ಮಾಡದೆ ಬಂದೆಯಲ್ಲ, ಮೈಯಲ್ಲಿ ಹುಷಾರಿದೆಯಾ ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ಚೀಲವನ್ನು ಹೆಗಲಿಂದ ಇಳಿಸಲಿಲ್ಲ. ಅಪ್ಪ ಮುಖ ಒರೆಸಿಕೊಂಡು ಒಳಗೆ ಬಂದು ಅವ್ವನ ಪಕ್ಕ ನಿಲ್ಲುವವರೆಗೆ ಕಾದೆ. ಆಮೇಲೆ, ಅತ್ತೆಗೋಸ್ಕರ ಅಲ್ಲ ಎಂದು ಮೊದಲೇ ತಿಳಿಸಿ, ಮೊರದ ವಿಚಾರ ಅಜ್ಜಿ ಹೇಳಿದ್ದನ್ನು ಹೇಳಿದೆ.